ಜನರ ಹೆದರಿಕೆಯನ್ನು ಅರಿತಿದ್ದ ರೂಸ್ವೆಲ್ಟ್

ಅಮೆರಿಕ ಎಂದೊಡನೆ ನಮ್ಮ ಹುಡುಗರ ಕಣ್ಣ ಮುಂದೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು, ದೊಡ್ಡ ಕಾರುಗಳು, ಕೈತುಂಬ ಡಾಲರು. ಆ ದೇಶದ ಸಾಮಾನ್ಯ ಮನುಷ್ಯನಿಗೂ ನಾಳೆಯ ಚಿಂತೆ ಇದೆ, ಕೆಲಸ ಹೋದರೆ ಹೇಗೆ, ಮುಪ್ಪಿನಲ್ಲಿ ಹೊಟ್ಟೆಪಾಡಿಗೇನು ಗತಿ ಎಂಬ ಅಂಜಿಕೆ ಇದೆ ಎಂದರೆ ಅವರು ನಂಬುವುದಿಲ್ಲ. ಚರಿತ್ರೆಯ ಪಾಠದಲ್ಲಿ 1929ರ ಮಹಾ ಆರ್ಥಿಕ ಮುಗ್ಗಟ್ಟಿನ ಹೆಸರು ಬರುತ್ತದೆ, ಅದರ ಬೆನ್ನಿಗೇ ರೂಸ್ವೆಲ್ಟ್ ಎಂಬ ಹೆಸರೂ ಬರುತ್ತದೆ. ನಾವು ಅಧ್ಯಾಪಕರೂ ಅವೆರಡನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಆದರೆ ಒಂದು ಇಡೀ ದೇಶ ತನ್ನ ನಾಳೆಗೆ ಹೆದರಿ ಕುಳಿತಿದ್ದ ಹೊತ್ತಿನಲ್ಲಿ ಅದರ ಚುಕ್ಕಾಣಿ ಹಿಡಿದವರ ಬಾಳು ಅಷ್ಟು ಬೇಗ ಹೇಳಿ ಮುಗಿಸುವಂಥದ್ದಲ್ಲ.

ಫ್ರಾಂಕ್ಲಿನ್ ಡೆಲಾನೋ ರೂಸ್ವೆಲ್ಟರು ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕ್ ಎಂಬಲ್ಲಿ, ಹಡ್ಸನ್ ನದಿಯ ದಂಡೆಯ ದೊಡ್ಡ ಬಂಗಲೆಯಲ್ಲಿ. ತಂದೆ ಜೇಮ್ಸರಿಗೆ ಆಗಲೇ ಐವತ್ತು ದಾಟಿತ್ತು. ತಾಯಿ ಸಾರಾಳಿಗೆ ಇವರೊಬ್ಬರೇ ಮಗ. ಹಸಿವೆಂದರೇನು, ಸಾಲವೆಂದರೇನು ಎಂದು ತಿಳಿಯದ ಮನೆ. ಹದಿನಾಲ್ಕರವರೆಗೆ ಮನೆಯಲ್ಲೇ ಪಾಠ, ಆಮೇಲೆ ಗ್ರಾಟನ್ ಎಂಬ ಸಿರಿವಂತರ ಶಾಲೆ, ಹಾರ್ವರ್ಡ್ ವಿಶ್ವವಿದ್ಯಾಲಯ, ಅನಂತರ ಕಾನೂನು. ಓದಿನಲ್ಲಿ ಅಂಥ ಹೆಚ್ಚುಗಾರಿಕೆಯೇನೂ ಇರಲಿಲ್ಲ. 1905ರಲ್ಲಿ ದೂರದ ಸಂಬಂಧಿ ಎಲಿನಾರ್ ಅವರೊಡನೆ ಮದುವೆಯಾಯಿತು. ತಂದೆಯನ್ನು ಕಳೆದುಕೊಂಡಿದ್ದ ಎಲಿನಾರರನ್ನು ಧಾರೆಯೆರೆದು ಕೊಟ್ಟವರು ಅವರ ಚಿಕ್ಕ ಪ್ರಾಯದಿಂದ ಹಿತಚಿಂತಕರಾಗಿದ್ದ ದೊಡ್ಡಪ್ಪ, ಅಂದಿನ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್. 1910ರಲ್ಲಿ ಸಂಸ್ಥಾನದ ಸೆನೆಟಿಗೆ ಆಯ್ಕೆ, 1913ರಿಂದ ಏಳು ವರ್ಷ ನೌಕಾ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿ, 1920ರಲ್ಲಿ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋಲು. ಇಲ್ಲಿಯವರೆಗಿನದು ಯಾವ ಸಿರಿವಂತ ರಾಜಕಾರಣಿಯ ಬಾಳೂ ಆಗಬಹುದಿತ್ತು.

1921ರ ಆಗಸ್ಟ್ ತಿಂಗಳು. ಕುಟುಂಬದೊಡನೆ ಕ್ಯಾಂಪೊಬೆಲ್ಲೊ ಎಂಬ ದ್ವೀಪದಲ್ಲಿ ರಜೆ ಕಳೆಯುತ್ತಿದ್ದ ರೂಸ್ವೆಲ್ಟರು ಒಂದು ಸಂಜೆ ಚಳಿಯಾಗುತ್ತಿದೆ ಎಂದು ಬೇಗನೆ ಮಲಗಿದರು. ಎರಡು ಮೂರು ದಿನಗಳಲ್ಲಿ ಸೊಂಟದಿಂದ ಕೆಳಗೆ ಬಲವಿಲ್ಲದಾಯಿತು. ಪೋಲಿಯೋ ಎಂದು ವೈದ್ಯರು ಹೇಳಿದರು. ಆಗ ಅವರಿಗೆ 39 ವರ್ಷ. ಆಮೇಲೆ ಅವರು ತಮ್ಮಷ್ಟಕ್ಕೆ ತಾವು ನಡೆದದ್ದೇ ಇಲ್ಲ. ಸೊಂಟದಿಂದ ಪಾದದವರೆಗೆ ಉಕ್ಕಿನ ಪಟ್ಟಿ ಕಟ್ಟಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಮಗನ ತೋಳು ಹಿಡಿದು, ಸೊಂಟವನ್ನು ತಿರುಗಿಸುತ್ತಾ ನಾಲ್ಕು ಹೆಜ್ಜೆ ಸಾಗುವುದನ್ನು ವರ್ಷಗಟ್ಟಳೆ ಅಭ್ಯಾಸ ಮಾಡಿದರು. ಚಿಕ್ಕಂದಿನಿಂದಲೂ ಅವರಿಗೆ ಬೆಂಕಿಯೆಂದರೆ ಹೆದರಿಕೆ. ಕಾಲು ಹೋದ ಮೇಲೆ ಅದು ಇಮ್ಮಡಿಯಾಯಿತು. ಮನೆಗೆ ಬೆಂಕಿ ಬಿದ್ದರೆ ಎತ್ತಿಕೊಂಡು ಹೋಗಲು ಯಾರೂ ಇಲ್ಲದಿದ್ದರೆ? ಅದಕ್ಕಾಗಿ ಕುರ್ಚಿಯಿಂದ ನೆಲಕ್ಕೆ ಜಾರಿ, ಕೈಗಳ ಬಲದಿಂದ ತೆವಳುತ್ತಾ ಬಾಗಿಲವರೆಗೆ ಹೋಗುವುದನ್ನು ಅವರು ಅಭ್ಯಾಸ ಮಾಡುತ್ತಿದ್ದರು. ಮುಂದೆ ಜಗತ್ತಿನ ಅತಿ ಬಲಿಷ್ಠ ಪದವಿಯಲ್ಲಿ ಕುಳಿತ ಮನುಷ್ಯ ನೆಲದಲ್ಲಿ ತೆವಳಿದ್ದನ್ನು ನೆನೆದರೆ, ಕೋಟ್ಯಂತರ ಮಂದಿಯ ಅಂಜಿಕೆ ಅವರಿಗೆ ಹೇಗೆ ಅರ್ಥವಾಯಿತು ಎಂಬುದು ಸ್ವಲ್ಪ ತಿಳಿಯುತ್ತದೆ.

ಚಿಕಿತ್ಸೆಗೆಂದು ಜಾರ್ಜಿಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗತೊಡಗಿದರು. 1926ರಲ್ಲಿ ತಮ್ಮ ಸ್ವತ್ತಿನ ಬಹುಪಾಲನ್ನು ಹಾಕಿ ಆ ಜಾಗವನ್ನೇ ಕೊಂಡು ಇತರ ಪೋಲಿಯೋ ರೋಗಿಗಳಿಗೂ ತೆರೆದರು. ಕೈಯಿಂದಲೇ ನಡೆಸಬಹುದಾದ ಕಾರಿನಲ್ಲಿ ಸುತ್ತಲಿನ ಹಳ್ಳಿಗಳನ್ನು ಸುತ್ತುತ್ತಾ, ಕಾರಿನಲ್ಲೇ ಕುಳಿತು ಹತ್ತಿ ಬೆಳೆಯುವ ಬಡ ರೈತರೊಡನೆ ಮಾತಾಡುವುದು ಅವರ ರೂಢಿಯಾಯಿತು. ಹತ್ತಿಗೆ ಬೆಲೆಯಿಲ್ಲ, ಸಾಲ ತೀರುವುದಿಲ್ಲ, ವಿದ್ಯುತ್ತಿನ ಕಂಬ ಹಳ್ಳಿಗೆ ಬರುವುದಿಲ್ಲ ಎಂಬ ಸಂಗತಿಗಳೆಲ್ಲ ಹಡ್ಸನ್ ದಂಡೆಯ ಬಂಗಲೆಯಲ್ಲಿ ಕೇಳಸಿಗುತ್ತಿರಲಿಲ್ಲ.

1928ರಲ್ಲಿ ಅವರು ನ್ಯೂಯಾರ್ಕಿನ ಗವರ್ನರಾದರು. ಮರುವರ್ಷದ ಅಕ್ಟೋಬರಿನಲ್ಲಿ ಶೇರು ಪೇಟೆ ಕುಸಿಯಿತು. ಮೊದಲು ಹಣ ಕಳೆದುಕೊಂಡವರು ಶೇರು ಕೊಂಡವರು. ಆಮೇಲೆ ಸರದಿ ಶೇರೆಂದರೇನೆಂದೇ ಅರಿಯದವರದು. ಕಾರ್ಖಾನೆಗಳು ಮುಚ್ಚಿದವು, ಸಂಬಳವಿಲ್ಲದವರು ಅಂಗಡಿಗೆ ಹೋಗಲಿಲ್ಲ, ಅಂಗಡಿ ಮುಚ್ಚಿತು, ಅಂಗಡಿಗೆ ಸಾಲ ಕೊಟ್ಟ ಬ್ಯಾಂಕು ಮುಳುಗಿತು, ಆ ಬ್ಯಾಂಕಿನಲ್ಲಿ ಠೇವಣಿಯಿಟ್ಟ ರೈತನ ಕೈಯೂ ಬರಿದಾಯಿತು. 1930ರಿಂದ 1933ರ ನಡುವೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ, ಅಂದರೆ ಒಂದೂಕಾಲು ಕೋಟಿಗೂ ಮಿಕ್ಕಿ ಜನರಿಗೆ, ಕೆಲಸವಿರಲಿಲ್ಲ. ಊರ ಹೊರಗೆ ತಗಡು, ರಟ್ಟು, ಹಳೆಯ ಹಲಗೆಗಳ ಗುಡಿಸಲುಗಳೆದ್ದವು. ಅವಕ್ಕೆ ಜನ ಅಂದಿನ ಅಧ್ಯಕ್ಷ ಹೂವರರ ಹೆಸರನ್ನೇ ಇಟ್ಟು ಹೂವರ್‌ವಿಲ್ ಎಂದು ಕರೆದರು. ಹಳ್ಳಿಗಳಲ್ಲಿ ಸಾಲದ ಬಾಬ್ತು ಜಮೀನು ಏಲಂ ಹಾಕಲು ಅಧಿಕಾರಿ ಬಂದರೆ, ನೆರೆಕರೆಯವರೆಲ್ಲ ಒಟ್ಟುಗೂಡಿ ಹೊರಗಿನವರು ಕೂಗದಂತೆ ನೋಡಿಕೊಂಡು, ನಾಲ್ಕು ಕಾಸಿಗೆ ತಾವೇ ಹಿಡಿದು, ಜಮೀನನ್ನು ತಿರುಗಿ ಅದೇ ರೈತನಿಗೆ ಕೊಡುತ್ತಿದ್ದರು. ನೆರೆಹೊರೆಯ ಉಪಕಾರವೆಂದರೆ ಅದು.

ಆಗಿನ ಅಂಜಿಕೆ ಬರಿಯ ಹೊಟ್ಟೆಯದ್ದಾಗಿರಲಿಲ್ಲ. ದೇಶವೇ ಉಳಿಯುತ್ತದೋ ಇಲ್ಲವೋ ಎಂಬ ಸಂಶಯ ಜನರಲ್ಲಿ ಹುಟ್ಟಿತ್ತು. 1932ರ ಬೇಸಗೆಯಲ್ಲಿ ಮೊದಲನೆಯ ಮಹಾಯುದ್ಧದ ಹಳೆಯ ಸೈನಿಕರು ತಮಗೆ ಬರಬೇಕಾದ ಬೋನಸ್ ಕೇಳಲು ವಾಷಿಂಗ್ಟನ್ನಿಗೆ ಬಂದು ಬಿಡಾರ ಹೂಡಿದಾಗ, ಅವರನ್ನು ಓಡಿಸಲು ಅದೇ ದೇಶದ ಸೈನ್ಯ ಬಂತು. ಪ್ರಜಾಪ್ರಭುತ್ವದಿಂದ ಇನ್ನು ಆಗದು, ಇಟೆಲಿಯ ದಾರಿಯೋ ರಷ್ಯಾದ ದಾರಿಯೋ ಹಿಡಿಯಬೇಕಾದೀತು ಎಂದು ಓದುಬಲ್ಲವರೂ ಮಾತಾಡಿಕೊಳ್ಳುತ್ತಿದ್ದರು. 1933ರ ಜನವರಿ 30, ರೂಸ್ವೆಲ್ಟರಿಗೆ 51 ತುಂಬಿದ ದಿನ, ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಹಸಿದ, ಹೆದರಿದ ಜನ ಯಾರ ಬೆನ್ನಿಗೆ ಹೋಗುತ್ತಾರೆಂದು ಹೇಳಲಾಗದ ಕಾಲವದು.

1932ರ ನವೆಂಬರಿನ ಚುನಾವಣೆಯಲ್ಲಿ ರೂಸ್ವೆಲ್ಟರು 48 ಸಂಸ್ಥಾನಗಳಲ್ಲಿ 42ನ್ನು ಗೆದ್ದಿದ್ದರು. ಅಧಿಕಾರ ವಹಿಸುವ ಮುನ್ನ ಫೆಬ್ರವರಿ 15ರಂದು ಮಯಾಮಿಯಲ್ಲಿ ಒಬ್ಬ ಅವರ ಮೇಲೆ ಗುಂಡು ಹಾರಿಸಿದ. ಅವರಿಗೆ ತಗಲಲಿಲ್ಲ. ಹತ್ತಿರ ನಿಂತಿದ್ದ ಚಿಕಾಗೋ ನಗರದ ಮೇಯರ್ ಸೆರ್ಮಾಕ್ ಏಟು ತಿಂದು ಮುಂದೆ ತೀರಿಹೋದರು. ಮಾರ್ಚ್ 4ರಂದು ಪ್ರಮಾಣವಚನ ಸ್ವೀಕರಿಸುವಾಗ ದೇಶದ ಹೆಚ್ಚಿನ ಸಂಸ್ಥಾನಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದವು, ಇಲ್ಲವೇ ಹಣ ಹಿಂತೆಗೆಯಲು ಕಟ್ಟುಪಾಡು ಬಂದಿತ್ತು. ಅಂದಿನ ಭಾಷಣದಲ್ಲಿ ಅವರು ಎಲ್ಲಕ್ಕಿಂತ ದೊಡ್ಡ ಶತ್ರು ಭಯವೇ ಎಂದು ಹೇಳಿದ್ದನ್ನು ಜಗತ್ತೆಲ್ಲ ಬಲ್ಲದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಎಂಟು ದಿನಗಳ ಅನಂತರದ ಮಾತು.

ಮಾರ್ಚ್ 6ರಂದು ಅವರು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಸಾರಿದರು. 9ರಂದು ಕಾಂಗ್ರೆಸ್ಸು ಒಂದೇ ದಿನದಲ್ಲಿ ಹೊಸ ಕಾಯಿದೆ ಮಾಡಿತು. 12ನೇ ತಾರೀಕು ಭಾನುವಾರ ರಾತ್ರಿ ಹತ್ತು ಗಂಟೆಗೆ ಅವರು ರೇಡಿಯೋದ ಮುಂದೆ ಕುಳಿತರು. ಸುಮಾರು ಆರು ಕೋಟಿ ಜನ ಕೇಳಿದರೆಂದು ಲೆಕ್ಕ. ಅವರು ಅಂದು ಮಾಡಿದ್ದು ಭಾಷಣವಲ್ಲ, ಪಾಠ. ನೀವು ಕಟ್ಟಿದ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮನೆಸಾಲ, ಬೆಳೆಸಾಲ, ವ್ಯಾಪಾರದ ಸಾಲವಾಗಿ ಕೊಟ್ಟಿರುತ್ತದೆ. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಷ್ಟು ಗಟ್ಟಿ ಬ್ಯಾಂಕಾದರೂ ಕೊಡಲಾರದು. ಈಗ ಪರಿಶೀಲಿಸಿ ಗಟ್ಟಿಯಾದವನ್ನಷ್ಟೇ ತೆರೆಯುತ್ತೇವೆ, ಚಾಪೆಯಡಿಯಲ್ಲಿಟ್ಟ ದುಡ್ಡಿಗಿಂತ ಅಲ್ಲಿಟ್ಟ ದುಡ್ಡು ಭದ್ರ. ಹೀಗೆ ಐದನೆಯ ತರಗತಿಯ ಹುಡುಗನಿಗೂ ತಿಳಿಯುವಂತೆ ವಿವರಿಸಿದರು. ಮರುದಿನ ಬ್ಯಾಂಕು ತೆರೆದಾಗ ಮತ್ತೆ ಸಾಲು ನಿಂತಿತು. ಆದರೆ ಅದು ಹಣ ತೆಗೆಯುವವರ ಸಾಲಲ್ಲ, ಕಟ್ಟುವವರದು. ಮನೆಗಳಲ್ಲಿ ಅವಿತಿಟ್ಟ ಹಣದ ಅರ್ಧಕ್ಕಿಂತ ಹೆಚ್ಚು ಎರಡು ವಾರಗಳಲ್ಲಿ ಬ್ಯಾಂಕಿಗೆ ಮರಳಿತು.

ಅದೇ ವರ್ಷ ಠೇವಣಿಗೆ ವಿಮೆಯ ಕಾಯಿದೆಯೂ ಬಂತು. ಬ್ಯಾಂಕು ಮುಳುಗಿದರೂ ಸಣ್ಣ ಠೇವಣಿದಾರನಿಗೆ 2,500 ಡಾಲರುಗಳವರೆಗೆ ಸರಕಾರದ ಭದ್ರತೆ. ವಿಚಿತ್ರವೆಂದರೆ ರೂಸ್ವೆಲ್ಟರಿಗೆ ಇದು ಮನಸ್ಸಿಲ್ಲದ ಕಾಯಿದೆ. ಕೆಟ್ಟ ಬ್ಯಾಂಕಿನ ಹೊರೆ ಒಳ್ಳೆಯ ಬ್ಯಾಂಕಿನ ತಲೆಗೆ ಬರುತ್ತದೆಂದು ಅವರು ಅದನ್ನು ವಿರೋಧಿಸಿದ್ದರು. ಕಾಂಗ್ರೆಸ್ಸಿನ ಒತ್ತಾಯಕ್ಕೆ ಮಣಿದರು. ನಮ್ಮ ಕೇರಳದಲ್ಲೇ 1960ರಲ್ಲಿ ಪಾಲಾ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ ಸಾವಿರಾರು ಕುಟುಂಬಗಳು ಬಾಯಿ ಬಾಯಿ ಬಿಟ್ಟವು. ಅದಾದ ಮೇಲೆ, 1962ರಿಂದ, ಭಾರತದಲ್ಲಿಯೂ ಠೇವಣಿ ವಿಮೆ ಜಾರಿಗೆ ಬಂತು. ಇಂದು ನಮ್ಮ ಪಾಸುಪುಸ್ತಕದ ಐದು ಲಕ್ಷ ರೂಪಾಯಿಗಳವರೆಗಿನ ಭದ್ರತೆಯ ಮೂಲವನ್ನು ಹುಡುಕಿಕೊಂಡು ಹೋದರೆ 1933ರ ಅಮೆರಿಕದ ಆ ಸಾಲುಗಳಿಗೆ ತಲಪುತ್ತೇವೆ.

ಜನ ಶ್ವೇತಭವನಕ್ಕೆ ಕಾಗದ ಬರೆಯತೊಡಗಿದರು. ಮೊದಲ ವಾರದಲ್ಲೇ ನಾಲ್ಕೂವರೆ ಲಕ್ಷ ಕಾಗದಗಳು. ಹಿಂದಿನ ಅಧ್ಯಕ್ಷರ ಕಾಲದಲ್ಲಿ ಟಪಾಲು ನೋಡಿಕೊಳ್ಳಲು ಒಬ್ಬ ಸಾಕಾಗಿದ್ದ ಕಡೆ ಐವತ್ತು ಮಂದಿ ಬೇಕಾದರು. ಪೆನ್ಸಿಲಿನಲ್ಲಿ, ಹರಿದ ನೋಟುಪುಸ್ತಕದ ಹಾಳೆಯಲ್ಲಿ, ಕಾಗುಣಿತ ತಪ್ಪಿ ಬರೆದ ಕಾಗದಗಳು. ಮನೆ ಏಲಮಾಗುತ್ತಿದೆ, ಮಕ್ಕಳಿಗೆ ಶಾಲೆಗೆ ಹೋಗಲು ಬೂಟಿಲ್ಲ, ಪ್ರಾಯವಾದ ತಾಯಿಯನ್ನು ಅನಾಥಾಲಯಕ್ಕೆ ಕಳಿಸಬೇಕಾಗಿದೆ. ಅಲ್ಲಿನ ಮುದುಕರಿಗೆ ಎಲ್ಲಕ್ಕಿಂತ ಹೆದರಿಕೆಯಿದ್ದದ್ದು ಆ ಬಡವರ ಮನೆಗೆ. ಜೀವಮಾನವೆಲ್ಲ ದುಡಿದು ಕೊನೆಗೆ ಅದರ ಮೆಟ್ಟಲು ಹತ್ತುವುದೆಂದರೆ ಸಾವಿಗಿಂತ ಕಡೆ ಎಂದು ಭಾವಿಸಿದ್ದರು.

ಕೆಲಸವಿಲ್ಲದವರಿಗೆ ಕೆಲಸ ಕೊಡುವ ಯೋಜನೆಗಳು ಒಂದರ ಹಿಂದೊಂದು ಬಂದವು. ತರುಣರನ್ನು ಕಾಡು ಬೆಳೆಸಲು ಕಳಿಸಿ ತಿಂಗಳಿಗೆ 30 ಡಾಲರು ಕೊಟ್ಟರು. ಅದರಲ್ಲಿ 25 ಡಾಲರು ನೇರವಾಗಿ ಮನೆಗೆ ಹೋಗುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಸುಮಾರು 30 ಲಕ್ಷ ಹುಡುಗರು ಅಲ್ಲಿ ದುಡಿದರು. ಟೆನೆಸೀ ನದಿಗೆ ಕಟ್ಟೆಗಳಾದವು. ನಮ್ಮ ದಾಮೋದರ ಕಣಿವೆ ಯೋಜನೆಗೆ ಅದೇ ಮಾದರಿ. ಹತ್ತು ಹೊಲಮನೆಗಳಲ್ಲಿ ಒಂದಕ್ಕಷ್ಟೇ ವಿದ್ಯುತ್ತಿದ್ದ ದೇಶದಲ್ಲಿ ಹಳ್ಳಿಗಳಿಗೆ ತಂತಿ ಎಳೆಯಲು 1935ರಲ್ಲಿ ಪ್ರತ್ಯೇಕ ಆಡಳಿತವೇ ಆಯಿತು.

ಮುದುಕರ ಸಂಗತಿ ಮಾತ್ರ ಬೇರೆಯೇ ರೀತಿಯಲ್ಲಿ ಮೇಲೆದ್ದಿತು. ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿ ಟೌನ್ಸೆಂಡ್ ಎಂಬ ಮುದಿ ಡಾಕ್ಟರು, ಅರುವತ್ತು ದಾಟಿದವರಿಗೆಲ್ಲ ತಿಂಗಳಿಗೆ 200 ಡಾಲರು ಕೊಡಬೇಕು, ಅವರು ಅದನ್ನು ತಿಂಗಳೊಳಗೆ ಖರ್ಚು ಮಾಡಬೇಕು ಎಂಬ ಯೋಜನೆಯನ್ನು 1933ರಲ್ಲಿ ಪತ್ರಿಕೆಗೆ ಬರೆದರು. ಲೆಕ್ಕ ಕೂಡದ ಯೋಜನೆ. ಆದರೂ ದೇಶದುದ್ದಕ್ಕೂ ಮುದುಕರು ಅದರ ಸಂಘಗಳನ್ನು ಕಟ್ಟಿದರು. ಆ ಒತ್ತಡ ರೂಸ್ವೆಲ್ಟರಿಗೆ ತಟ್ಟಿತು. ಕಾರ್ಮಿಕ ಖಾತೆಯ ಫ್ರಾನ್ಸಿಸ್ ಪರ್ಕಿನ್ಸ್ ಅವರಿಗೆ ಕೆಲಸ ವಹಿಸಿದರು. ಆ ದೇಶದ ಮಂತ್ರಿಮಂಡಲದಲ್ಲಿ ಮೊದಲ ಮಹಿಳೆ ಆಕೆ. 1911ರಲ್ಲಿ ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆಯೊಂದು ಉರಿದು ಹೆಣ್ಣುಮಕ್ಕಳು ಕಿಟಕಿಯಿಂದ ಹಾರಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದ ಹೆಂಗಸು. 1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತೆಯ ಕಾಯಿದೆಗೆ ರೂಸ್ವೆಲ್ಟರು ಸಹಿ ಹಾಕಿದರು. ಕೆಲಸಗಾರನ ಸಂಬಳದಿಂದ ನೂರಕ್ಕೆ ಒಂದು, ಧಣಿಯಿಂದ ಇನ್ನೊಂದು. 65 ದಾಟಿದ ಮೇಲೆ ತಿಂಗಳ ಪಿಂಚಣಿ. ಸಂಬಳದಿಂದ ಹಣ ಹಿಡಿಯುವುದು ಬೇಡವೆಂದು ಕೆಲವರು ಹೇಳಿದಾಗ ರೂಸ್ವೆಲ್ಟರು ಒಪ್ಪಲಿಲ್ಲ. ಜನ ತಮ್ಮ ದುಡ್ಡೆಂದು ತಿಳಿದರೆ ಮುಂದೆ ಯಾವ ರಾಜಕಾರಣಿಯೂ ಅದಕ್ಕೆ ಕೈಹಚ್ಚಲಾರ ಎಂಬುದು ಅವರ ಲೆಕ್ಕಾಚಾರ.

ತಿಂಗಳ ಪಿಂಚಣಿಯ ಮೊದಲ ಚೆಕ್ಕು 1940ರ ಜನವರಿ 31ರಂದು ವರ್ಮಾಂಟಿನ ಐಡಾ ಮೇ ಫುಲ್ಲರ್ ಎಂಬ ನಿವೃತ್ತ ಗುಮಾಸ್ತೆಗೆ ಹೋಯಿತು. 22 ಡಾಲರು 54 ಸೆಂಟು. ಆಕೆ ಅದಕ್ಕೆ ಕಟ್ಟಿದ್ದು ಒಟ್ಟು 25 ಡಾಲರಿಗೂ ಕಮ್ಮಿ. ನೂರು ವರ್ಷ ಬಾಳಿ 1975ರಲ್ಲಿ ತೀರಿಕೊಳ್ಳುವಾಗ ಪಡೆದಿದ್ದದ್ದು 22,000 ಡಾಲರಿಗೂ ಮೇಲೆ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಆ ಕಾಯಿದೆ ಹೊರಗಿಟ್ಟಿತು. ಕರಿಯ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂಥ ಕೆಲಸದವರೇ. ಎಲ್ಲರಿಗಿಂತ ಹೆಚ್ಚು ಹೆದರಿಕೆ ಇದ್ದವರಿಗೆ ನೆರಳು ಸಿಕ್ಕಿದ್ದು ಎಲ್ಲರಿಗಿಂತ ತಡವಾಗಿ, 1950ರ ಅನಂತರ.

1936ರಲ್ಲಿ 46 ಸಂಸ್ಥಾನಗಳನ್ನು ಗೆದ್ದ ಮೇಲೆ ಅವರಿಗೆ ಸ್ವಲ್ಪ ತಲೆಗೇರಿತೋ ಏನೋ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸಹೊರಟು ಮುಖಭಂಗ ಅನುಭವಿಸಿದರು. ಖರ್ಚು ಬೇಗ ಕಡಿತ ಮಾಡಿದ್ದರಿಂದ 1937ರಲ್ಲಿ ಮತ್ತೆ ನಿರುದ್ಯೋಗ ಏರಿತು. ಮುಗ್ಗಟ್ಟು ನಿಜವಾಗಿ ತೀರಿದ್ದು ಯುದ್ಧದ ಕಾರ್ಖಾನೆಗಳು ತೆರೆದ ಮೇಲೆ.

1941ರ ಜನವರಿ 6ರಂದು ಅವರು ನಾಲ್ಕು ಸ್ವಾತಂತ್ರ್ಯಗಳನ್ನು ಹೆಸರಿಸಿದರು. ಮಾತಿನದು, ಪೂಜೆಯದು, ಕೊರತೆಯಿಂದ ಬಿಡುಗಡೆ, ಭಯದಿಂದ ಬಿಡುಗಡೆ. ನಾರ್ಮನ್ ರಾಕ್ವೆಲ್ ಎಂಬ ಚಿತ್ರಕಾರ ಇವನ್ನು ನಾಲ್ಕು ಚಿತ್ರಗಳಾಗಿ ಬರೆದು 1943ರಲ್ಲಿ ಪ್ರಕಟಿಸಿದ. ಕೊನೆಯ ಚಿತ್ರದಲ್ಲಿ ಮಕ್ಕಳಿಬ್ಬರು ನಿದ್ದೆಯಲ್ಲಿದ್ದಾರೆ, ತಾಯಿ ಹೊದಿಕೆ ಸರಿಪಡಿಸುತ್ತಿದ್ದಾಳೆ, ತಂದೆ ಕೈಯಲ್ಲಿ ಬಾಂಬಿನ ಸುದ್ದಿಯ ಪತ್ರಿಕೆ ಹಿಡಿದು ಸುಮ್ಮನೆ ನೋಡುತ್ತಾ ನಿಂತಿದ್ದಾನೆ. ಸಾಮಾನ್ಯ ಅಮೆರಿಕದವನ ಆಸೆ ಅಷ್ಟೇ ಆಗಿತ್ತು.

ಆದರೆ ಆ ಚಿತ್ರ ಅಚ್ಚಾಗುವಾಗ ಅದೇ ದೇಶದ ಬೇರೆ ಮಕ್ಕಳು ಮುಳ್ಳುತಂತಿಯ ಬೇಲಿಯೊಳಗೆ ಮಲಗಿದ್ದರು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನು ದಾಳಿ ಮಾಡಿದ ಮೇಲೆ, ಪಶ್ಚಿಮ ಕರಾವಳಿಯಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಜಪಾನೀ ಮೂಲದವರೆಲ್ಲ ಗೂಢಚಾರರೆಂಬ ಭಯ ಹಬ್ಬಿತು. ಜಪಾನೀ ಭಾಷೆ ಕಲಿಸುವ ಶಾಲೆಗಳ ಅಧ್ಯಾಪಕರನ್ನು ಮೊದಮೊದಲೇ ಹಿಡಿದೊಯ್ದರು. ಮನೆಯಲ್ಲಿ ಆ ಭಾಷೆಯ ಪುಸ್ತಕ, ಅಜ್ಜನ ಕಾಗದ ಸಿಕ್ಕಿದರೆ ಅಪಾಯವೆಂದು ಹೆದರಿ ಕುಟುಂಬಗಳು ತಾವಾಗಿ ಅವನ್ನು ಒಲೆಗೆ ಹಾಕಿದವು. 1942ರ ಫೆಬ್ರವರಿ 19ರಂದು ರೂಸ್ವೆಲ್ಟರು ಸಹಿ ಹಾಕಿದ ಆಜ್ಞೆಯಂತೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಜನರನ್ನು, ಅವರಲ್ಲಿ ಮೂರರಲ್ಲೆರಡು ಪಾಲು ಅಲ್ಲೇ ಹುಟ್ಟಿದ ನಾಗರಿಕರನ್ನು, ಕೈಯಲ್ಲಿ ಹಿಡಿಯುವಷ್ಟು ಸಾಮಾನಿನೊಡನೆ ಶಿಬಿರಗಳಿಗೆ ಸಾಗಿಸಿದರು. ಶಿಬಿರ ಸಿದ್ಧವಾಗುವವರೆಗೆ ಕೆಲವರು ಕುದುರೆ ಪಂದ್ಯದ ಲಾಯಗಳಲ್ಲಿ ಇದ್ದರು. ಮೂರರಲ್ಲೊಂದು ಪಾಲಿಗೂ ಹೆಚ್ಚು ಜಪಾನೀಯರಿದ್ದ, ಬಾಂಬು ಬಿದ್ದ ಹವಾಯಿಯಲ್ಲೇ ಹೀಗೆ ಸಾರಾಸಗಟು ಸಾಗಿಸಲಿಲ್ಲ, ಅಲ್ಲಿ ಯಾವ ದ್ರೋಹವೂ ನಡೆಯಲಿಲ್ಲ. ಅಂದ ಮೇಲೆ ಇದಕ್ಕೆ ಏನು ಕಾರಣ ಹೇಳುವುದು? ಎಲಿನಾರರು ಇದನ್ನು ಒಪ್ಪಿರಲಿಲ್ಲ. 1943ರಲ್ಲಿ ಒಂದು ಶಿಬಿರಕ್ಕೆ ಹೋಗಿ ನೋಡಿಯೂ ಬಂದರು. ಜನರ ಭಯವನ್ನು ರೇಡಿಯೋದ ಒಂದು ಪಾಠದಿಂದ ಇಳಿಸಬಲ್ಲ ಮನುಷ್ಯ ಈ ಬಾರಿ ಪಾಠ ಹೇಳಲಿಲ್ಲ, ಭಯದ ಜತೆಗೇ ನಡೆದರು. 1988ರಲ್ಲಿ ಅಮೆರಿಕ ಸರಕಾರ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರು ಕೊಟ್ಟಿತು. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮಂಥವರಿಗೆ, ಅದರಲ್ಲೂ ಭಾಷೆ ಕಲಿಸಿ ಬದುಕುವವರಿಗೆ, ಒಲೆಗೆ ಹಾಕಿದ ಆ ಪುಸ್ತಕಗಳ ಸಂಗತಿ ಓದುವಾಗ ಎದೆ ಭಾರವಾಗುತ್ತದೆ.

ಭಾರತದ ಸ್ವಾತಂತ್ರ್ಯದ ಪ್ರಶ್ನೆಯನ್ನು ಅವರು ಚರ್ಚಿಲರ ಮುಂದೆ ಎತ್ತಿದ್ದರು. 1942ರಲ್ಲಿ ಲೂಯಿ ಜಾನ್ಸನ್ ಎಂಬವರನ್ನು ದಿಲ್ಲಿಗೆ ಕಳಿಸಿದ್ದರು. ಆ ವರ್ಷದ ಜುಲೈಯಲ್ಲಿ ಗಾಂಧೀಜಿ ಅವರಿಗೆ ಕಾಗದವನ್ನೂ ಬರೆದರು. ಚರ್ಚಿಲ್ ಜಗ್ಗಲಿಲ್ಲ, ಯುದ್ಧದ ನಡುವೆ ರೂಸ್ವೆಲ್ಟರೂ ಹೆಚ್ಚು ಒತ್ತಾಯಿಸಲಿಲ್ಲ.

1944ರಲ್ಲಿ ನಾಲ್ಕನೆಯ ಬಾರಿ ಗೆದ್ದಾಗ ಅವರ ದೇಹ ಸೋತಿತ್ತು. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸಿನಲ್ಲಿ ಚಿತ್ರಕಾರ್ತಿಯೊಬ್ಬಳ ಮುಂದೆ ಕುಳಿತಿದ್ದಂತೆಯೇ ಮೆದುಳಿನ ರಕ್ತಸ್ರಾವವಾಗಿ ಪ್ರಾಣ ಹೋಯಿತು. 63 ವರ್ಷ. ಚಿತ್ರ ಅರ್ಧದಲ್ಲೇ ಉಳಿಯಿತು. ಹೆಣವನ್ನು ಹೊತ್ತ ರೈಲು ಉತ್ತರಕ್ಕೆ ಸಾಗುವಾಗ ಹಳಿಯ ಇಕ್ಕೆಲಗಳಲ್ಲಿ ರೈತರು, ಕೂಲಿಗಳು, ಕರಿಯರು, ಬಿಳಿಯರು ನಿಂತು ಅತ್ತರು. ಹೈಡ್ ಪಾರ್ಕಿನ ಗುಲಾಬಿ ತೋಟದಲ್ಲಿ ಅವರನ್ನು ಮಣ್ಣು ಮಾಡಿದರು. ಒಬ್ಬನೇ ಇಷ್ಟು ಕಾಲ ಆಳುವುದು ಒಳ್ಳೆಯದಲ್ಲವೆಂದು 1951ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಮಾಡಿ ಎರಡು ಅವಧಿಗಳ ಮಿತಿ ಹಾಕಿದ್ದೂ ಒಂದು ಅಂಜಿಕೆಯಿಂದಲೇ.

ಅವರು ಕಟ್ಟಿದ ಪಿಂಚಣಿಯ ನಿಧಿಯಿಂದ ಇಂದು ಆರು ಕೋಟಿಗೂ ಮಿಕ್ಕಿ ಅಮೆರಿಕದವರು ಹಣ ಪಡೆಯುತ್ತಾರೆ. ಮುದುಕರು ಹೆಚ್ಚಿ ದುಡಿಯುವವರು ಕಮ್ಮಿಯಾಗಿರುವುದರಿಂದ ಕೂಡಿಟ್ಟ ನಿಧಿ 2033ರ ಸುಮಾರಿಗೆ ಬರಿದಾಗುವುದೆಂದು ಅದರ ಧರ್ಮದರ್ಶಿಗಳೇ ವರದಿ ಮಾಡಿದ್ದಾರೆ. ಆಮೇಲೆ ಬರುವ ತೆರಿಗೆಯಿಂದ ಕೊಡಬಹುದಾದದ್ದು ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಹಣದ ಬಗ್ಗೆ ನಿಮಗೇನು ಚಿಂತೆ ಎಂದು ಅಲ್ಲಿ ಜನರನ್ನು ಕೇಳಿದಾಗಲೆಲ್ಲ ಮುಪ್ಪಿನ ಖರ್ಚಿನ ಮಾತೇ ಮೇಲುಗಡೆ ಬರುತ್ತದೆ.

ವಾಷಿಂಗ್ಟನ್ನಿನಲ್ಲಿ ಅವರ ಸ್ಮಾರಕ 1997ರಲ್ಲಿ ತೆರೆಯಿತು. ಗಾಲಿಕುರ್ಚಿಯಲ್ಲಿ ಕುಳಿತ ಅವರ ಪ್ರತಿಮೆಯನ್ನು ಅಲ್ಲಿ ಇಟ್ಟದ್ದು ಅಂಗವಿಕಲರ ಸಂಘಗಳು ಪಟ್ಟುಹಿಡಿದ ಮೇಲೆ, 2001ರಲ್ಲಿ. ಅದೇ ಸ್ಮಾರಕದಲ್ಲಿ ರೊಟ್ಟಿಗಾಗಿ ಸಾಲು ನಿಂತ ಐವರು ಗಂಡಸರ ಕಂಚಿನ ಪ್ರತಿಮೆಗಳಿವೆ. ಇನ್ನೊಂದು ಮೂಲೆಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಮರದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತು ರೇಡಿಯೋಗೆ ಕಿವಿಗೊಟ್ಟಿದ್ದಾನೆ.